ಲೋಕಲ್ ರೈಲಿನಲ್ಲಿ ಜಪಾನಿನ ಹಳೆಯ ಆರ್‌ಪಿಜಿ: ಯಾವುದನ್ನು ಆರಿಸಬೇಕು, ಹೇಗೆ ಆಡಬೇಕು?

ಪ್ರಶ್ನೆ: ನಾನು ಮುಂಬೈ ಬಳಿಯ ಡೊಂಬಿವಲಿಯ ನಿವಾಸಿ, ಫೋರ್ಟ್‌ನ ಕಚೇರಿಯೊಂದರಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತೇನೆ. ಬೆಳಿಗ್ಗೆ ನಿಂತೇ ಹೋಗಬೇಕಾಗುತ್ತದೆ, ಸಂಜೆ ಗಾಡಿ ಹೊರಡುವ ನಿಲ್ದಾಣವಾದ ಸಿಎಸ್‌ಎಂಟಿಯಲ್ಲೇ ಹತ್ತುವುದರಿಂದ ಹೆಚ್ಚಾಗಿ ಸೀಟು ಸಿಗುತ್ತದೆ. ಚಿಕ್ಕಂದಿನಲ್ಲಿ ಟಿವಿಗೆ ಜೋಡಿಸುವ ವಿಡಿಯೋ ಗೇಮಿನಲ್ಲಿ ಮಾರಿಯೋ, ಕಾಂಟ್ರಾ ಆಡಿದ್ದನ್ನು ಬಿಟ್ಟರೆ ಈ ವಿಷಯದಲ್ಲಿ ನನಗೆ ಅನುಭವವಿಲ್ಲ. ಕ್ರೋನೋ ಟ್ರಿಗರ್, ಫೈನಲ್ ಫ್ಯಾಂಟಸಿ, ಡ್ರಾಗನ್ ಕ್ವೆಸ್ಟ್ ಮುಂತಾದ ಜಪಾನಿನ ಹಳೆಯ ಆರ್‌ಪಿಜಿಗಳು (ಪಾತ್ರವೊಂದನ್ನು ವಹಿಸಿ ಕಥೆಯೊಂದಿಗೆ ಸಾಗುವ ರೋಲ್ ಪ್ಲೇಯಿಂಗ್ ಆಟಗಳು) ಈಗ ಫೋನಿನಲ್ಲಿ ಸಿಗುತ್ತವೆ ಎಂದು ಕೇಳಿದ್ದೇನೆ. ಯಾವುದರಿಂದ ಆರಂಭಿಸಲಿ? ಟಚ್ ಸ್ಕ್ರೀನಿನಲ್ಲಿ ಆಡಲು ಸಾಧ್ಯವೇ, ಇಲ್ಲ ಕಂಟ್ರೋಲರ್ ಬೇಕೇ? ಸಹೋದ್ಯೋಗಿಯೊಬ್ಬರು ಈ ಎಲ್ಲ ಆಟಗಳ ರೋಮ್ ಫೈಲುಗಳನ್ನು (ಹಳೆಯ ಯಂತ್ರಕ್ಕೆ ಸಿಕ್ಕಿಸುತ್ತಿದ್ದ ಆಟದ ಕಾರ್ಟ್ರಿಜ್‌ಗಳ ನಕಲು) ಉಚಿತವಾಗಿ ಕೊಡುತ್ತೇನೆ ಎನ್ನುತ್ತಿದ್ದಾರೆ, ತೆಗೆದುಕೊಳ್ಳಬಹುದೇ?

ಉತ್ತರ: ಮೊದಲ ಪ್ರಶ್ನೆಗೆ ನೇರವಾಗಿ ಹೇಳುವುದಾದರೆ, ಕ್ರೋನೋ ಟ್ರಿಗರ್ ಕೊಳ್ಳಿ ಮತ್ತು ಅದನ್ನು ಸಂಜೆಯ ಪ್ರಯಾಣದಲ್ಲಿ ಮಾತ್ರ ಆಡಿ. ಬೆಳಿಗ್ಗೆಯೂ ಆಡಲೇಬೇಕೆಂಬ ಹಂಬಲವಿದ್ದರೆ ಅದರ ಬದಲು ಡ್ರಾಗನ್ ಕ್ವೆಸ್ಟ್ 5 ತೆಗೆದುಕೊಳ್ಳಿ. ಫೈನಲ್ ಫ್ಯಾಂಟಸಿ 6 ಈ ಮೂರರಲ್ಲಿ ಅತ್ಯಂತ ವಿಸ್ತಾರವಾದ ಆಟವಾದರೂ ಅದನ್ನು ಮೊದಲ ಆಟವಾಗಿ ಸೂಚಿಸಲಾರೆ. ಈ ಆಯ್ಕೆಗೆ ಆಧಾರ ಆಟಗಳ ಕೀರ್ತಿಯಲ್ಲ, ಚಿತ್ರಗಳ ಸೊಗಸೂ ಅಲ್ಲ. ನಿಮ್ಮ ನಿಲ್ದಾಣ ಬಂದಾಗ, ಕರೆ ಬಂದಾಗ, ಪಕ್ಕದವರು ಸ್ವಲ್ಪ ಸರಿಯಿರಿ ಎಂದಾಗ ಆಟವನ್ನು ಎಷ್ಟು ಬೇಗ ಮತ್ತು ಎಷ್ಟು ನಿಶ್ಚಿಂತೆಯಿಂದ ನಿಲ್ಲಿಸಬಹುದು ಎಂಬುದೊಂದೇ ಇಲ್ಲಿ ಮಾನದಂಡ. ಮನೆಯ ಸೋಫಾದ ಮೇಲೆ ಕುಳಿತು ಆಡುವವರಿಗೆ ಈ ಲೆಕ್ಕ ಬೇಕಿಲ್ಲ. ಲೋಕಲ್‌ನಲ್ಲಿ ಆಡುವವರಿಗೆ ಉಳಿದೆಲ್ಲವೂ ಇದರ ನಂತರ.

ನಿಲ್ಲಿಸುವ ಈ ಸಮಸ್ಯೆ ಆರ್‌ಪಿಜಿಗಳಷ್ಟೇ ಹಳೆಯದು. ಈ ಪ್ರಕಾರವನ್ನು ಜಪಾನಿನಲ್ಲಿ ಮನೆಮಾತಾಗಿಸಿದ ಡ್ರಾಗನ್ ಕ್ವೆಸ್ಟ್ 1986ರ ಮೇ 27ರಂದು ನಿಂಟೆಂಡೊದ ಫ್ಯಾಮಿಕಾಮ್ ಎಂಬ, ಟಿವಿಗೆ ಜೋಡಿಸುವ ಆಟದ ಯಂತ್ರಕ್ಕೆ ಬಂದಾಗ ಅದರ ಕಾರ್ಟ್ರಿಜ್‌ನಲ್ಲಿ ಆಟವನ್ನು ಉಳಿಸಿಡುವ ಸೌಲಭ್ಯವೇ ಇರಲಿಲ್ಲ. ಆಟದೊಳಗಿನ ರಾಜ ಜಪಾನಿ ಲಿಪಿಯಾದ ಹಿರಗಾನದ 20 ಅಕ್ಷರಗಳ ಒಂದು ಮಂತ್ರವನ್ನು ಹೇಳುತ್ತಿದ್ದ. ಆಡುವವರು ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು ಮುಂದಿನ ಸಲ ಒಂದಕ್ಷರವೂ ತಪ್ಪದಂತೆ ತುಂಬಬೇಕಿತ್ತು. 1987ರ ಎರಡನೆಯ ಭಾಗದಲ್ಲಿ ಈ ಮಂತ್ರ 52 ಅಕ್ಷರಗಳವರೆಗೂ ಬೆಳೆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬಂದ ಮೊದಲ ಫೈನಲ್ ಫ್ಯಾಂಟಸಿ ಮತ್ತು 1988ರ ಫೆಬ್ರವರಿಯ ಡ್ರಾಗನ್ ಕ್ವೆಸ್ಟ್ 3 ಕಾರ್ಟ್ರಿಜ್‌ನೊಳಗೆ ಸಣ್ಣ ಬ್ಯಾಟರಿಯೊಂದನ್ನು ಇಟ್ಟು ಈ ಕಷ್ಟವನ್ನು ತಪ್ಪಿಸಿದವು. ಆದರೂ ಎಲ್ಲೆಂದರಲ್ಲಿ ಸೇವ್ ಮಾಡುವ ಸ್ವಾತಂತ್ರ್ಯ ಸಿಗಲಿಲ್ಲ. ಆಟ ನಿಗದಿಪಡಿಸಿದ ಜಾಗಕ್ಕೆ ನಡೆದೇ ಹೋಗಬೇಕಿತ್ತು. ಗುಹೆಯ ತಳದಲ್ಲಿ ಔಷಧಿ ಮುಗಿದು, ಹಿಂದೆ ಹೋಗಲೋ ಮುಂದೆ ಹೋಗಲೋ ಎಂದು ತೂಗುವ ಆತಂಕವೇ ಈ ಆಟಗಳ ಅರ್ಧ ರುಚಿಯಾದ್ದರಿಂದ ಆಟ ರಚಿಸುವವರೂ ಆ ಕಟ್ಟುಪಾಡನ್ನು ಸುಲಭವಾಗಿ ಸಡಿಲಿಸಲಿಲ್ಲ.

ನಿಮ್ಮ ಬಾಲ್ಯದಲ್ಲಿ ಮಾರಿಯೋ ಸಿಕ್ಕಿ ಡ್ರಾಗನ್ ಕ್ವೆಸ್ಟ್ ಸಿಗದೆ ಹೋದದ್ದಕ್ಕೂ ಇದರೊಂದಿಗೆ ನಂಟಿದೆ. ಆಗ ಮುಂಬೈಯ ಲ್ಯಾಮಿಂಗ್ಟನ್ ರಸ್ತೆಯಿಂದ ಹಿಡಿದು ಹುಬ್ಬಳ್ಳಿಯ ಅಂಗಡಿಗಳವರೆಗೆ ಮಾರಾಟವಾಗುತ್ತಿದ್ದುದು ಫ್ಯಾಮಿಕಾಮ್‌ನ ನಕಲು ಯಂತ್ರಗಳು ಮತ್ತು ಹತ್ತಾರು ಆಟಗಳನ್ನು ಒಂದರಲ್ಲೇ ತುಂಬಿದ ಅಗ್ಗದ ಕಾರ್ಟ್ರಿಜ್‌ಗಳು. ಅವುಗಳಿಗೆ ಬ್ಯಾಟರಿ ಹಾಕುವ ಉಸಾಬರಿ ಯಾರಿಗೂ ಬೇಕಿರಲಿಲ್ಲ. ಪುಟಗಟ್ಟಲೆ ಜಪಾನಿ ಸಂಭಾಷಣೆಯಿರುವ ಆಟವನ್ನು ಇಲ್ಲಿ ಕೊಳ್ಳುವವರೂ ಇರಲಿಲ್ಲ. ಓಡು, ಹಾರು, ಗುಂಡು ಹೊಡೆ ಎಂಬಷ್ಟರಲ್ಲಿ ಮುಗಿಯುವ ಆಟಗಳೇ ನಮ್ಮ ಪಾಲಿಗೆ ಬಂದವು. ಆದ್ದರಿಂದ ನೀವು ಮೂವತ್ತು ವರ್ಷ ತಡವಾಗಿ ಆರಂಭಿಸುತ್ತಿದ್ದೀರಿ ಎಂಬ ಸಂಕೋಚ ಬೇಡ, ನಮ್ಮಲ್ಲಿ ಬಹುತೇಕರ ಸ್ಥಿತಿ ಅದೇ.

ಫೋನಿನ ರೂಪಾಂತರಗಳಲ್ಲಿ ಈ ಕಟ್ಟುಪಾಡು ಬಹಳ ಮಟ್ಟಿಗೆ ಸಡಿಲವಾಗಿದೆ, ಆದರೆ ಎಷ್ಟು ಸಡಿಲವಾಗಿದೆ ಎಂಬುದನ್ನು ಸರಿಯಾಗಿ ತಿಳಿದುಕೊಳ್ಳದಿದ್ದರೆ ಆಟ ಕೈಕೊಡುತ್ತದೆ. ನಿಗದಿತ ಜಾಗದಲ್ಲಿ ನೀವೇ ಮಾಡುವ ಪೂರ್ಣ ಸೇವ್ ಒಂದು, ಯುದ್ಧವಿಲ್ಲದ ವೇಳೆ ಮೆನುವಿನಿಂದ ಮಾಡುವ ಕ್ವಿಕ್ ಸೇವ್ ಇನ್ನೊಂದು, ಒಂದು ಕೋಣೆಯಿಂದ ಮತ್ತೊಂದಕ್ಕೆ ದಾಟಿದಾಗ ಆಟವೇ ಮಾಡಿಕೊಳ್ಳುವ ಆಟೋಸೇವ್ ಮತ್ತೊಂದು. ಪ್ರತಿ ಆಟದಲ್ಲೂ ಈ ಮೂರೂ ಇರುತ್ತವೆಂದಿಲ್ಲ. ಇದ್ದರೂ ನಡುಯುದ್ಧದಲ್ಲಿ ಇವು ಯಾವುವೂ ನೆರವಾಗುವುದಿಲ್ಲ. ಹತ್ತು ನಿಮಿಷ ಹೋರಾಡಿ ದೊಡ್ಡ ಶತ್ರುವನ್ನು ಸೋಲಿಸುವ ಹಂತಕ್ಕೆ ತಂದಿದ್ದೀರಿ, ಮನೆಯಿಂದ ಕರೆ ಬರುತ್ತದೆ, ಆಮೇಲೆ ವಾಟ್ಸಾಪ್‌ನಲ್ಲಿ ಬಂದ ಫೋಟೋ ನೋಡುತ್ತೀರಿ. ಅಷ್ಟರಲ್ಲಿ ನಾಲ್ಕು ಜಿಬಿ ಮೆಮೊರಿಯ ಆಂಡ್ರಾಯ್ಡ್ ಫೋನು ಹಿನ್ನೆಲೆಯಲ್ಲಿದ್ದ ಆಟವನ್ನು ಸದ್ದಿಲ್ಲದೆ ಮುಚ್ಚಿರುತ್ತದೆ. ಹಿಂದಿರುಗಿದಾಗ ಕಾಣುವುದು ಕಂಪನಿಯ ಲಾಂಛನ ಮತ್ತು ಆರಂಭದ ಪರದೆ. ಇದನ್ನು ತಪ್ಪಿಸಲು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ ಆಟದ ಮಟ್ಟಿಗೆ ಬ್ಯಾಟರಿ ನಿರ್ಬಂಧವನ್ನು ತೆಗೆದುಹಾಕಿ, ಮತ್ತು ನಿಲ್ದಾಣಗಳನ್ನೇ ಗಡಿಯಾಗಿ ಇಟ್ಟುಕೊಳ್ಳಿ: ಠಾಣೆ ದಾಟಿದ ಮೇಲೆ ಹೊಸ ಗುಹೆಗೆ ಕಾಲಿಡುವುದು ಬೇಡ, ಇದ್ದಲ್ಲೇ ಸೇವ್ ಮಾಡಿ ಊರೊಳಗೆ ಸುತ್ತಾಡಿಕೊಂಡಿರಿ. ಊರಿನ ಜನರೊಂದಿಗೆ ಮಾತಾಡುವುದು ಈ ಆಟಗಳಲ್ಲಿ ಕಾಲಹರಣವಲ್ಲ, ಮುಂದಿನ ದಾರಿಯ ಸುಳಿವು ಅಲ್ಲಿಯೇ ಇರುತ್ತದೆ.

ಎರಡನೆಯದಾಗಿ ಗಮನಿಸಬೇಕಾದದ್ದು ಯುದ್ಧದ ಗಡಿಯಾರ. ಡ್ರಾಗನ್ ಕ್ವೆಸ್ಟ್ ಸರಣಿಯ ಹಳೆಯ ಆಟಗಳಲ್ಲಿ ಇಂಥ ಗಡಿಯಾರವೇ ಇಲ್ಲ. ನೀವು ಆಜ್ಞೆ ಕೊಡುವವರೆಗೆ ಶತ್ರು ಮಿಸುಕಾಡುವುದಿಲ್ಲ. 1991ರ ಫೈನಲ್ ಫ್ಯಾಂಟಸಿ 4ರಲ್ಲಿ ಹಿರೋಯುಕಿ ಇತೊ ರೂಪಿಸಿದ ಆಕ್ಟಿವ್ ಟೈಮ್ ಬ್ಯಾಟಲ್ ಪದ್ಧತಿ ಇದನ್ನು ಬದಲಿಸಿತು: ಪ್ರತಿ ಪಾತ್ರಕ್ಕೂ ಪ್ರತ್ಯೇಕವಾಗಿ ಓಡುವ ಒಂದು ಗಡಿಯಾರ, ನೀವು ಯೋಚಿಸುತ್ತಾ ಕುಳಿತರೆ ಶತ್ರುವಿನ ಸರದಿ ಬಂದೇಬಿಡುತ್ತದೆ. ಕ್ರೋನೋ ಟ್ರಿಗರ್ ಮತ್ತು ಫೈನಲ್ ಫ್ಯಾಂಟಸಿ 6 ಎರಡೂ ಈ ಪದ್ಧತಿಯವು. ಎರಡರಲ್ಲೂ ಆಕ್ಟಿವ್, ವೇಟ್ ಎಂಬ ಎರಡು ಆಯ್ಕೆಗಳಿವೆ. ರೈಲಿನಲ್ಲಿ ಆಡುವವರು ಕಣ್ಣುಮುಚ್ಚಿ ವೇಟ್ ಆರಿಸಬೇಕು. ಆದರೆ ಹೊಸಬರು ಎಡವುವುದು ಇಲ್ಲಿಯೇ. ವೇಟ್ ಆರಿಸಿದ ಮಾತ್ರಕ್ಕೆ ಕಾಲ ಸದಾ ನಿಂತಿರುವುದಿಲ್ಲ. ಮಂತ್ರವೋ ತಂತ್ರವೋ ವಸ್ತುವೋ ಇರುವ ಒಳಪಟ್ಟಿಯನ್ನು ತೆರೆದಿರುವಷ್ಟು ಹೊತ್ತು ಮಾತ್ರ ಅದು ನಿಲ್ಲುತ್ತದೆ; ಹೊರಗಿನ ಮುಖ್ಯ ಆಜ್ಞೆಗಳ ಪಟ್ಟಿ ಕಾಣುತ್ತಿರುವಾಗ ಓಡುತ್ತಲೇ ಇರುತ್ತದೆ. ಆದ್ದರಿಂದ ಟಿಕೆಟ್ ತಪಾಸಣೆಯವರು ಎದುರು ಬಂದು ನಿಂತರೆ ಪಾಸ್ ಹುಡುಕುವ ಮೊದಲು ವಸ್ತುಗಳ ಪಟ್ಟಿಯನ್ನು ತೆರೆದಿಡಿ, ನಿಮ್ಮ ತಂಡ ಸುರಕ್ಷಿತವಾಗಿರುತ್ತದೆ.

ಇನ್ನು ಕ್ರೋನೋ ಟ್ರಿಗರ್ ಏಕೆ ಎಂಬುದನ್ನು ವಿವರಿಸುತ್ತೇನೆ. ಫೈನಲ್ ಫ್ಯಾಂಟಸಿಯ ಹಿರೊನೊಬು ಸಕಾಗುಚಿ, ಡ್ರಾಗನ್ ಕ್ವೆಸ್ಟ್‌ನ ಯೂಜಿ ಹೋರಿ, ಚಿತ್ರಕಾರ ಅಕಿರಾ ತೊರಿಯಾಮಾ ಒಂದಾಗಿ ಕೈಹಾಕಿದ ಈ ಆಟ 1995ರ ಮಾರ್ಚ್ 11ರಂದು ಫ್ಯಾಮಿಕಾಮ್‌ನ ಮುಂದಿನ ಯಂತ್ರವಾದ ಸೂಪರ್ ಫ್ಯಾಮಿಕಾಮ್‌ಗೆ ಬಂತು. 2011ರಲ್ಲಿ ಐಫೋನಿಗೆ, ಮರುವರ್ಷ ಆಂಡ್ರಾಯ್ಡ್‌ಗೆ ಬಂತು. ಸಂಗೀತ ಯಾಸುನೊರಿ ಮಿತ್ಸುದ ಅವರದು. ಕೆಲಸದ ಒತ್ತಡದಲ್ಲಿ ಅವರು ಹೊಟ್ಟೆಯ ಹುಣ್ಣಿನಿಂದ ಮಲಗಿದಾಗ ನೊಬುಒ ಉಎಮಾತ್ಸು ಉಳಿದ ಭಾಗವನ್ನು ಪೂರೈಸಿಕೊಟ್ಟರು. ಪ್ರಯಾಣಿಕನ ದೃಷ್ಟಿಯಿಂದ ಈ ಆಟದ ದೊಡ್ಡ ಗುಣವೆಂದರೆ ನಡೆಯುವಾಗ ಇದ್ದಕ್ಕಿದ್ದಂತೆ ಯುದ್ಧ ಎರಗುವುದಿಲ್ಲ. ಶತ್ರುಗಳು ಬಹುಮಟ್ಟಿಗೆ ದಾರಿಯಲ್ಲೇ ಕಾಣುತ್ತಾರೆ, ಕೆಲವರನ್ನು ಬಳಸಿಕೊಂಡೂ ಹೋಗಬಹುದು, ಮತ್ತು ಹೋರಾಟ ಅದೇ ನೆಲದ ಮೇಲೆ ನಡೆಯುತ್ತದೆ. ಕಥಾನಾಯಕ ಕ್ರೋನೋನ ಸೈಕ್ಲೋನ್ ಎಂಬ ತಂತ್ರ ಒಂದು ವೃತ್ತದೊಳಗಿನ ಶತ್ರುಗಳನ್ನೆಲ್ಲ ಒಟ್ಟಿಗೆ ಹೊಡೆಯುತ್ತದೆ. ಅವರು ಅತ್ತಿತ್ತ ಸರಿದು ಒಬ್ಬರ ಪಕ್ಕ ಒಬ್ಬರು ಬರುವ ಕ್ಷಣಕ್ಕೆ ಕಾಯುವುದರಲ್ಲಿಯೇ ಜಾಣ್ಮೆ ಇದೆ. ಸುಮಾರು 20ರಿಂದ 25 ಗಂಟೆಗಳಲ್ಲಿ ಕಥೆ ಮುಗಿಯುವುದರಿಂದ ದಿನಕ್ಕೆ ಗಂಟೆಯಂತೆ ಆಡಿದರೂ ಒಂದು ತಿಂಗಳ ಪಾಸ್‌ನ ಅವಧಿಯಲ್ಲಿ ಪೂರೈಸಬಹುದು. ಹೊಸಬರಿಗೆ ಇದು ಸಣ್ಣ ಮಾತಲ್ಲ. ಉದ್ದದ ಆಟವನ್ನು ಅರ್ಧಕ್ಕೆ ಬಿಟ್ಟವರು ಮತ್ತೆ ಈ ಕಡೆ ತಲೆಹಾಕುವುದು ಕಡಿಮೆ.

ಆರಂಭದ ಜಾತ್ರೆಯ ದೃಶ್ಯವನ್ನು ಅವಸರದಲ್ಲಿ ದಾಟಬೇಡಿ. ಸಾವಿರನೆಯ ಇಸವಿ, ಗಾರ್ಡಿಯಾ ರಾಜ್ಯದ ಉತ್ಸವ. ಕ್ರೋನೋ ಒಬ್ಬ ಹುಡುಗಿಗೆ ಡಿಕ್ಕಿ ಹೊಡೆಯುತ್ತಾನೆ, ಅವಳ ಪದಕ ನೆಲಕ್ಕೆ ಬೀಳುತ್ತದೆ. ನೀವು ಮೊದಲು ಹುಡುಗಿಯನ್ನು ವಿಚಾರಿಸುತ್ತೀರೋ, ಪದಕವನ್ನು ಎತ್ತಿಕೊಳ್ಳುತ್ತೀರೋ? ಮುಂದೆ ಮೇಜಿನ ಮೇಲೆ ಯಾರದೋ ಊಟದ ಬುತ್ತಿ ಇದೆ. ಹಳೆಯ ಆಟಗಳ ಅಭ್ಯಾಸವಿದ್ದವರು ಕಂಡದ್ದನ್ನೆಲ್ಲ ಎತ್ತಿಕೊಳ್ಳುವಂತೆ ಅದನ್ನೂ ತಿಂದುಬಿಡುತ್ತಾರೆ. ಪುಟ್ಟ ಹುಡುಗಿಯೊಬ್ಬಳ ಬೆಕ್ಕು ಕಳೆದಿದೆ. ಜೊತೆಗೆ ಬಂದವಳು ಮಿಠಾಯಿ ಆರಿಸುತ್ತಾ ನಿಂತಾಗ ಸುಮ್ಮನೆ ಕಾಯಬೇಕಾಗುತ್ತದೆ. ಯಾವುದಕ್ಕೂ ಅಂಕವಿಲ್ಲ, ಎಚ್ಚರಿಕೆಯಿಲ್ಲ. ಕೆಲವು ಗಂಟೆಗಳ ನಂತರ ಕ್ರೋನೋ ನ್ಯಾಯಾಲಯದ ಕಟಕಟೆಯಲ್ಲಿ ನಿಂತಾಗ ಜಾತ್ರೆಯಲ್ಲಿ ನೀವು ಮಾಡಿದ್ದನ್ನೆಲ್ಲ ಸಾಕ್ಷಿಗಳು ಬಂದು ಒಂದೊಂದಾಗಿ ಹೇಳುತ್ತಾರೆ. ಗಾಜಿನ ಪರದೆಯ ಮೇಲೆ ಬೆರಳು ಜಾರಿ ಬುತ್ತಿ ತಿಂದವರಿಗೂ ಅಲ್ಲಿ ವಿನಾಯಿತಿ ಇಲ್ಲ. ಇದಕ್ಕಿಂತ ಹೆಚ್ಚು ಹೇಳಿದರೆ ನಿಮ್ಮ ಸುಖವನ್ನು ಕಸಿದಂತೆ.

ಡ್ರಾಗನ್ ಕ್ವೆಸ್ಟ್ 5 ನಿಂತು ಪ್ರಯಾಣಿಸುವವರಿಗೆ ಹೇಳಿ ಮಾಡಿಸಿದಂತಿದೆ, ಏಕೆಂದರೆ ಫೋನಿಗೆ ಬಂದಿರುವ ಈ ಸರಣಿಯ ಹಳೆಯ ಆಟಗಳು ಪರದೆಯನ್ನು ಉದ್ದಕ್ಕೇ ಇಟ್ಟುಕೊಂಡು ಆಡುವಂಥವು. ದಿಕ್ಕಿನ ಗುಂಡಿ ಕೆಳಗಿರುತ್ತದೆ, ಅದನ್ನು ನಿಮ್ಮ ಹೆಬ್ಬೆರಳಿಗೆ ಎಟುಕುವ ಕಡೆಗೆ ಸರಿಸಿಕೊಳ್ಳಬಹುದು, ಇನ್ನೊಂದು ಕೈ ಮೇಲಿನ ಹಿಡಿಕೆಗೆ ಬಿಡುವಾಗಿರುತ್ತದೆ. 1992ರಲ್ಲಿ ಮೊದಲು ಬಂದ ಈ ಆಟ ಒಬ್ಬ ಮನುಷ್ಯನ ಬಾಲ್ಯ, ಯೌವನ, ಸಂಸಾರಗಳ ಕಥೆ. ತಂದೆಯ ಹಿಂದೆ ಊರೂರು ಅಲೆಯುವ ಹುಡುಗ ಬೆಳೆದು, ಮದುವೆಯಾಗಿ, ತಾನೇ ತಂದೆಯಾಗುತ್ತಾನೆ. ಯಾರನ್ನು ಮದುವೆಯಾಗಬೇಕೆಂಬ ನಿರ್ಧಾರ ನಿಮ್ಮದೇ. ಸೋಲಿಸಿದ ರಾಕ್ಷಸರಲ್ಲಿ ಕೆಲವರು ಒಲಿದು ತಂಡ ಸೇರುತ್ತಾರೆ. ಕಥೆಯ ಗಾಂಭೀರ್ಯದಲ್ಲಿ ಇದು ಕ್ರೋನೋಗಿಂತ ಒಂದು ತೂಕ ಹೆಚ್ಚೆಂದೇ ನನ್ನ ಅಭಿಪ್ರಾಯ. ಆದರೆ ನಾಲ್ಕು ಹೆಜ್ಜೆಗೊಮ್ಮೆ ಎದುರಾಗುವ ಯುದ್ಧಗಳನ್ನು ಸಹಿಸುವ ತಾಳ್ಮೆ ಬೇಕು, ನಡಿಗೆಯೂ ನಿಧಾನ. ಇವೆರಡನ್ನೂ ಒಟ್ಟಿಗೆ, ಬೆಳಿಗ್ಗೆ ಒಂದು ಸಂಜೆ ಒಂದರಂತೆ ಆಡಲು ಹೋಗಬೇಡಿ. ಎಲ್ಲಿಗೆ ಹೋಗಬೇಕೆಂದು ಮುದುಕನೊಬ್ಬ ಒಮ್ಮೆ ಹೇಳಿದ ಮಾತನ್ನು ನೆನಪಿಡಬೇಕಾದ ಆಟಗಳಿವು. ಎರಡು ಕಥೆಗಳು ಕಲಸಿಹೋದರೆ ಎರಡೂ ಕೆಡುತ್ತವೆ.

ಫೈನಲ್ ಫ್ಯಾಂಟಸಿ 6 ಅನ್ನು ಎರಡನೆಯದಾಗಿಟ್ಟುಕೊಳ್ಳಿ ಎಂದದ್ದಕ್ಕೆ ಕಾರಣ ಅದರ ಗಾತ್ರ. 1994ರ ಈ ಆಟದಲ್ಲಿ ತಂಡಕ್ಕೆ ಸೇರಬಹುದಾದ ಪಾತ್ರಗಳೇ 14, ನಡುವೆ ಕಥೆ ಮೂರು ಗುಂಪುಗಳಾಗಿ ಒಡೆಯುತ್ತದೆ, ಒಂದು ವಾರ ಬಿಟ್ಟು ಮರಳಿದರೆ ಯಾರು ಎಲ್ಲಿದ್ದಾರೆಂಬುದೇ ಮರೆತಿರುತ್ತದೆ. ಸಾಬಿನ್ ಎಂಬ ಮಲ್ಲನ ಪಟ್ಟುಗಳಿಗೆ ದಿಕ್ಕಿನ ಗುಂಡಿಗಳನ್ನು ಒಂದರ ಹಿಂದೊಂದು ಒತ್ತಬೇಕು; ಅಲುಗಾಡುವ ಬೋಗಿಯಲ್ಲಿ ಗಾಜಿನ ಮೇಲೆ ಅದು ಸರಾಗವಲ್ಲ. ಕೊಳ್ಳುವಾಗ ಪಿಕ್ಸೆಲ್ ರೀಮಾಸ್ಟರ್ ಎಂಬ ರೂಪವನ್ನೇ ಕೊಳ್ಳಿ. ಮೊದಲ ಆರು ಫೈನಲ್ ಫ್ಯಾಂಟಸಿಗಳು 2021ರ ಜುಲೈ ಮತ್ತು 2022ರ ಫೆಬ್ರವರಿಯ ನಡುವೆ ಈ ರೂಪದಲ್ಲಿ ಬಂದವು. ಹಿಂದಿನ ಆಜ್ಞೆಗಳನ್ನೇ ಪುನರಾವರ್ತಿಸುವ ಆಟೋ ಬ್ಯಾಟಲ್ ಮತ್ತು ಕ್ವಿಕ್ ಸೇವ್ ಎರಡೂ ಇವೆ. ಪ್ರಸಿದ್ಧವಾದ ಒಪೆರಾ ದೃಶ್ಯ ಮೂಲದಲ್ಲಿ ಯಂತ್ರದ ಸ್ವರದಲ್ಲಿತ್ತು, ಇಲ್ಲಿ ಏಳು ಭಾಷೆಗಳಲ್ಲಿ ನಿಜವಾದ ಗಾಯಕರು ಹಾಡಿದ್ದಾರೆ. ಆ ಏಳರಲ್ಲಿ ಕನ್ನಡವಿಲ್ಲ, ಹಿಂದಿಯೂ ಇಲ್ಲ. ಈ ಯಾವ ಆಟದಲ್ಲೂ ಕನ್ನಡವಿಲ್ಲದ್ದರಿಂದ ಇಂಗ್ಲಿಷ್ ಸಂಭಾಷಣೆಯನ್ನು ಓದುತ್ತಾ ಸಾಗಬೇಕು. ಫೈನಲ್ ಫ್ಯಾಂಟಸಿ 7 ಮತ್ತು 9 ಕೂಡ ಫೋನಿಗೆ ಬಂದಿವೆ, ಆದರೆ ಹೆಚ್ಚು ಜಾಗ ತಿನ್ನುತ್ತವೆ; ಅವನ್ನು ಸದ್ಯಕ್ಕೆ ಬಿಡಿ.

ಫೋನಿನ ಆ್ಯಪ್ ಅಂಗಡಿಯಲ್ಲಿ ಹುಡುಕುವಾಗ ಒಂದು ಎಚ್ಚರಿಕೆ ಅಗತ್ಯ. ಫೈನಲ್ ಫ್ಯಾಂಟಸಿ ಎಂದು ಹುಡುಕಿದರೆ ಉಚಿತವೆಂದು ಹೇಳಿಕೊಳ್ಳುವ, ಆಮೇಲೆ ಪಾತ್ರಗಳನ್ನು ಲಾಟರಿಯಂತೆ ಮಾರುವ ಆನ್‌ಲೈನ್ ಆಟಗಳೂ ಎದುರಾಗುತ್ತವೆ. ಅವು ಕಂಪನಿಯ ಸರ್ವರ್ ಇರುವಷ್ಟು ದಿನ ಮಾತ್ರ. ಫೈನಲ್ ಫ್ಯಾಂಟಸಿ ರೆಕಾರ್ಡ್ ಕೀಪರ್‌ನ ಜಾಗತಿಕ ಆವೃತ್ತಿ 2022ರಲ್ಲಿ ಮುಚ್ಚಿದಾಗ ವರ್ಷಗಟ್ಟಲೆ ಹಣ ಸುರಿದವರ ಕೈಯಲ್ಲಿ ಆಡಲು ಏನೂ ಉಳಿಯಲಿಲ್ಲ. ನಾನು ಹೇಳುತ್ತಿರುವ ಆಟಗಳಿಗೆ ಒಮ್ಮೆ ಹಣ ಕೊಟ್ಟರೆ ಮುಗಿಯಿತು, ನಡುವೆ ಜಾಹೀರಾತಿಲ್ಲ. ರಿಯಾಯಿತಿ ಮಾರಾಟದ ಸಮಯದಲ್ಲಿ ಕೊಂಡರೆ ಜೇಬಿಗೂ ಹಗುರ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಚಿಕ್ಕದು. ಟಚ್ ಸ್ಕ್ರೀನ್ ಸಾಕು. ಕಾಂಟ್ರಾದಂಥ ಆಟವನ್ನು ಗಾಜಿನ ಮೇಲೆ ಆಡುವುದು ಶಿಕ್ಷೆ, ಏಕೆಂದರೆ ಅಲ್ಲಿ ಗುಂಡಿ ಕ್ಷಣಾರ್ಧ ತಡವಾದರೆ ಪ್ರಾಣ ಹೋಗುತ್ತದೆ. ಇಲ್ಲಿ ಪಟ್ಟಿಯಿಂದ ಆರಿಸುವುದೇ ಮುಖ್ಯ ಕೆಲಸವಾದ್ದರಿಂದ ಕ್ಷಣಾರ್ಧ ತಡವಾದರೆ ನಷ್ಟವಿಲ್ಲ. ಅದೇ ಕಾರಣಕ್ಕೆ ಬ್ಲೂಟೂತ್ ಇಯರ್‌ಫೋನಿನಲ್ಲಿ ಸದ್ದು ಚೂರು ಹಿಂದೆ ಬಿದ್ದರೂ ಆಟ ಕೆಡದು. ಕ್ರೋನೋದಲ್ಲಿ ಕೈಚಳಕ ಬೇಡುವ ಒಂದೆರಡು ಸಣ್ಣ ಪಂದ್ಯಗಳಿವೆ. ಭವಿಷ್ಯದ ಕಾಲದಲ್ಲಿ ಬರುವ ಬೈಕ್ ಪಂದ್ಯ ಅಂಥದ್ದು, ಅದನ್ನು ಮನೆಯಲ್ಲಿ ಆಡಿ. ಫೋನಿನ ಎರಡೂ ಬದಿಗೆ ಸಿಕ್ಕಿಸುವ ಕಂಟ್ರೋಲರನ್ನು ಹಿಡಿದು ಮೂವರ ಸೀಟಿನ ಅಂಚಿನಲ್ಲಿ ನಾಲ್ಕನೆಯವರಾಗಿ ಕೂರುವುದು ಮೂಗಿಗಿಂತ ಮೂಗುತಿ ಭಾರ ಎಂಬಂತಾಗುತ್ತದೆ. ಮಳೆಗಾಲದಲ್ಲಿ ಮಾತ್ರ ಜೇಬಿನಲ್ಲಿ ಒಣ ಬಟ್ಟೆ ಇರಲಿ; ಪರದೆಯ ಮೇಲಿನ ಹನಿಗಳನ್ನು ಫೋನು ಬೆರಳೆಂದು ತಪ್ಪು ತಿಳಿಯುತ್ತದೆ, ಕ್ರೋನೋ ಹೋಗಬಾರದ ಕಡೆಗೆಲ್ಲ ನಡೆಯುತ್ತಾನೆ. ಬಾಗಿಲಲ್ಲಿ ನಿಂತು ಆಡುವುದಂತೂ ಬೇಡವೇ ಬೇಡ. ಹಳಿಯ ಪಕ್ಕದಿಂದ ಕೋಲಿನಿಂದ ಕೈಗೆ ಹೊಡೆದು ಫೋನು ಬೀಳಿಸುವ ಫಟಕಾ ಕಳ್ಳರ ವಿಷಯ ಡೊಂಬಿವಲಿಯವರಿಗೆ ನಾನು ಹೇಳಬೇಕಿಲ್ಲ. ಆ ಹೊಡೆತಕ್ಕೆ ಫೋನಿನ ಜೊತೆ ಪ್ರಯಾಣಿಕರೂ ಬಿದ್ದದ್ದುಂಟು.

ಕೊನೆಯದಾಗಿ ರೋಮ್ ಫೈಲುಗಳ ವಿಷಯ. ಹಳೆಯ ಯಂತ್ರವನ್ನು ಅನುಕರಿಸುವ ಎಮ್ಯುಲೇಟರ್ ತಂತ್ರಾಂಶ ತಾನಾಗಿ ಅಪರಾಧವಲ್ಲ. 2024ರ ಏಪ್ರಿಲಿನಿಂದ ಆಪಲ್ ಕೂಡ ತನ್ನ ಅಂಗಡಿಯಲ್ಲಿ ಅವುಗಳಿಗೆ ಅವಕಾಶ ಕೊಟ್ಟಿದೆ, ಡೆಲ್ಟಾ ಮತ್ತು ರೆಟ್ರೋಆರ್ಚ್ ಅಲ್ಲಿ ಸಿಗುತ್ತವೆ. ಪ್ರಶ್ನೆ ಇರುವುದು ಆಟದ ಫೈಲಿನ ಬಗ್ಗೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಂ, ಕಂಪ್ಯೂಟರ್ ಪ್ರೋಗ್ರಾಮನ್ನು ನ್ಯಾಯವಾಗಿ ಹೊಂದಿರುವವರು ನಷ್ಟ ಅಥವಾ ಹಾನಿಯಿಂದ ತಾತ್ಕಾಲಿಕ ರಕ್ಷಣೆಗಾಗಿ ಮಾತ್ರ ಪ್ರತಿ ಮಾಡಿಟ್ಟುಕೊಳ್ಳಲು ಅವಕಾಶ ಕೊಡುತ್ತದೆ. ನೀವು ಕಾರ್ಟ್ರಿಜ್ ಹೊಂದಿಲ್ಲ, ನಿಮ್ಮ ಸಹೋದ್ಯೋಗಿಯೂ ಹೊಂದಿರಲಾರರು. ಒಬ್ಬರಿಂದೊಬ್ಬರಿಗೆ ಹಂಚಿಕೆಯಾಗುವ ಫೈಲು ಈ ರಕ್ಷಣೆಯೊಳಗೆ ಬರುವುದಿಲ್ಲ. ಅದಲ್ಲದೆ ಯಾರೋ ಕಳಿಸಿದ ಎಪಿಕೆ ಫೈಲನ್ನು (ಆಂಡ್ರಾಯ್ಡ್ ಆ್ಯಪ್ ಅಳವಡಿಸುವ ಫೈಲು) ಬ್ಯಾಂಕಿನ ಆ್ಯಪ್ ಇರುವ ಫೋನಿಗೆ ಹಾಕಿಕೊಳ್ಳುವುದು ಲೆಕ್ಕಪತ್ರ ಬಲ್ಲವರು ಮಾಡುವ ಕೆಲಸವಲ್ಲ. ಅಧಿಕೃತವಾಗಿ ಸಿಗುತ್ತಿರುವ ಆಟಕ್ಕೆ ಹಣ ಕೊಡಿ.

ಹಣ ಕೊಟ್ಟರೂ ಎರಡು ಮಿತಿಗಳಿವೆ. ಆಂಡ್ರಾಯ್ಡ್‌ನಲ್ಲಿ ಕೊಂಡದ್ದು ಐಫೋನಿಗೆ ಬರುವುದಿಲ್ಲ, ಆದ್ದರಿಂದ ಫೋನು ಬದಲಿಸುವ ಯೋಚನೆಯಿದ್ದರೆ ಮೊದಲು ಅದನ್ನು ಮುಗಿಸಿ. ಇನ್ನೊಂದು, ಆಟದ ಪುಟದಲ್ಲಿ ಕೊನೆಯ ಬಾರಿ ಯಾವಾಗ ಪರಿಷ್ಕರಿಸಿದ್ದಾರೆಂದು ನೋಡಿ. 2017ರಲ್ಲಿ ಐಫೋನಿನ ತಂತ್ರಾಂಶ ಐಒಎಸ್ 11 ಬಂದಾಗ ಹಳೆಯ ಮಾದರಿಯ 32 ಬಿಟ್ ಆ್ಯಪ್‌ಗಳೆಲ್ಲ ಒಮ್ಮೆಗೇ ನಿಂತುಹೋದವು. ತಯಾರಕರು ಪರಿಷ್ಕರಿಸಿದ ಆಟಗಳು ಉಳಿದವು, ಉಳಿದವಕ್ಕೆ ಕೊಟ್ಟ ಹಣ ನೀರುಪಾಲಾಯಿತು. ಆಟವನ್ನು ಅಳಿಸಿ ಮತ್ತೆ ಹಾಕಿಕೊಂಡರೆ ಸೇವ್ ಮಾಡಿದ್ದೂ ಅಳಿಯಬಹುದು. ಮೆನುವಿನಲ್ಲಿ ಕ್ಲೌಡ್ ಸೇವ್ (ಅಂತರ್ಜಾಲದಲ್ಲಿ ಉಳಿಸಿಡುವ ಸೌಲಭ್ಯ) ಇದೆಯೇ ಎಂದು ಮೊದಲ ದಿನವೇ ಪರೀಕ್ಷಿಸಿ, ಇಲ್ಲದಿದ್ದರೆ ಜಾಗ ಸಾಲದೆಂದು ಈ ಆ್ಯಪನ್ನು ಮುಟ್ಟಲು ಹೋಗಬೇಡಿ. ಭಾನುವಾರ ಮನೆಯ ವೈಫೈಯಲ್ಲಿ ಆಟವನ್ನು ಇಳಿಸಿಕೊಂಡು, ಒಮ್ಮೆ ತೆರೆದು, ಅದು ಕೇಳುವ ಹೆಚ್ಚುವರಿ ಫೈಲುಗಳೇನಾದರೂ ಇದ್ದರೆ ಅವೂ ಬಂದಿವೆಯೇ ನೋಡಿ, ವೇಟ್ ಆಯ್ಕೆಯನ್ನು ಹೊಂದಿಸಿ, ಜಾತ್ರೆಯ ದೃಶ್ಯವನ್ನು ಮನೆಯಲ್ಲೇ ನಿಧಾನವಾಗಿ ಆಡಿ ಮುಗಿಸಿ. ಸೋಮವಾರ ಸಂಜೆಯ ಗಾಡಿಗೆ ಅಲ್ಲಿಂದ ಮುಂದಿನದು ಸಾಕಾಗುತ್ತದೆ.